ಬೇಟೆನಾಯಿಯ ಜಿಪಿಎಸ್ ಕೊರಳಪಟ್ಟಿ: ಆಂಟೆನಾದ ಬುಡ ನೋಡದೆ ಕೊಳ್ಳಬೇಡಿ

ಬೇಟೆನಾಯಿಗೆ ಜಿಪಿಎಸ್ ಕೊರಳಪಟ್ಟಿ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ನನ್ನ ನಾಯಿ ಎರಡು ರಾತ್ರಿ ಕಾಡುಪಾಲಾಗಲು ಕಾರಣ, ಬೆರಳ ತುದಿಯಷ್ಟು ಜಾಗದಲ್ಲಿದ್ದ ಒಂದು ದೋಷ.

ಹಂದಿಯ ಜಾಡು ಹಿಡಿದು ಅದು ಗುಡ್ಡದಾಚೆ ಇಳಿದ ಸ್ವಲ್ಪ ಹೊತ್ತಿಗೆ, ನನ್ನ ಕೈಯಲ್ಲಿದ್ದ ರಿಸೀವರಿನ ಪರದೆಯಲ್ಲಿ ಅದರ ಗುರುತು ಒಂದೇ ಕಡೆ ನಿಂತಿತು. ಹಂದಿಯನ್ನು ತಡೆದು ನಿಲ್ಲಿಸಿರಬೇಕೆಂದು ತಿಳಿದು, ಪೊದೆ ಸರಿಸಿಕೊಂಡು ಮುಕ್ಕಾಲು ಗಂಟೆ ನಡೆದು ಆ ಜಾಗ ತಲುಪಿದರೆ, ಅಲ್ಲಿ ನಾಯಿಯೂ ಇರಲಿಲ್ಲ, ಬೊಗಳುವ ಸದ್ದೂ ಇರಲಿಲ್ಲ. ಪರದೆ ತೋರಿಸುತ್ತಿದ್ದುದು ಕೊನೆಯ ಸಂಕೇತ ಬಂದಾಗ ನಾಯಿ ಇದ್ದ ಸ್ಥಳವನ್ನು. ಆ ಮಾಹಿತಿ ಎಷ್ಟು ಹೊತ್ತಿನ ಹಿಂದಿನದು ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅವಸರದಲ್ಲಿ ನಾನದನ್ನು ಗಮನಿಸಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಳ್ಳದ ಪಕ್ಕದಲ್ಲಿ ನಾಯಿ ಸಿಕ್ಕಿತು. ಮುಂಗಾಲಿನ ಅಂಗಾಲು ಹರಿದಿತ್ತು. ಮನೆಯಲ್ಲಿ ಪಟ್ಟಿಯನ್ನು ಚಾರ್ಜಿಗೆ ಹಾಕಿದಾಗ ದೀಪ ಮಿನುಗಿತು, ಉಪಗ್ರಹಗಳ ಸಂಕೇತವನ್ನೂ ಹಿಡಿಯಿತು, ಆದರೆ ನೂರು ಮೀಟರ್ ದಾಟಿದೊಡನೆ ರಿಸೀವರಿಗೆ ಸುದ್ದಿಯೇ ಇಲ್ಲ. ಆಂಟೆನಾದ ಬುಡವನ್ನು ಎರಡು ಬೆರಳಿನಲ್ಲಿ ಹಿಡಿದು ಬಾಗಿಸಿ ನೋಡಿದೆ: ಮೇಲಿನ ರಬ್ಬರು ಹೊದಿಕೆ ಸ್ವಲ್ಪವೂ ಹರಿಯದೆ, ಒಳಗಿನ ತಂತಿ ಮಾತ್ರ ತುಂಡಾಗಿದ್ದರಿಂದ, ಆಂಟೆನಾ ಒದ್ದೆ ನೂಲಿನಂತೆ ಜೋತುಬಿತ್ತು.

ಇಂಥ ಪಟ್ಟಿ ತಾನಿರುವ ಜಾಗವನ್ನು ಉಪಗ್ರಹಗಳ ಸಂಕೇತದಿಂದ ಲೆಕ್ಕಹಾಕುತ್ತದೆಯೇ ಹೊರತು, ಉಪಗ್ರಹಕ್ಕೆ ನಾಯಿಯ ವಿಷಯ ತಿಳಿದಿರುವುದಿಲ್ಲ. ಲೆಕ್ಕಹಾಕಿದ್ದನ್ನು ನಮಗೆ ಮುಟ್ಟಿಸುವುದು ಪಟ್ಟಿಯ ರೇಡಿಯೋ. ಪೊದೆಗಳಲ್ಲಿ ನುಗ್ಗುವಾಗ ಪದೇ ಪದೇ ಬಾಗಿ ಸವೆಯುವುದು ಅದರ ಆಂಟೆನಾ. ಮಾರಿದವರು ಅದನ್ನು ಸವೆಯುವ ಭಾಗವೆಂದು ಹೇಳಿ ವಾರಂಟಿಯಿಂದ ಕೈಬಿಟ್ಟರು. ಬೇಟೆನಾಯಿಗೆಂದೇ ಮಾರುವ ವಸ್ತುವಿನಲ್ಲಿ ಪೊದೆಗೆ ತಗಲುವ ಭಾಗವೇ ಹೊಣೆಯಿಂದ ಹೊರಗಿರುವುದನ್ನು ನಾನು ಒಪ್ಪಲಾರೆ.

ಆದ್ದರಿಂದ, ಆಂಟೆನಾವನ್ನೂ ಬ್ಯಾಟರಿಯನ್ನೂ ಸ್ಕ್ರೂ ಬಿಚ್ಚಿ ನಾವೇ ಬದಲಿಸಬಹುದಾದ ಪಟ್ಟಿಯನ್ನಷ್ಟೇ ಕೊಳ್ಳಿ. ಹತ್ತಾರು ಕಿಲೋಮೀಟರ್ ವ್ಯಾಪ್ತಿಯೆಂಬ ಮಾತು ನಡುವೆ ಅಡ್ಡಿಯಿಲ್ಲದ ಬಯಲಿಗೆ ಅನ್ವಯಿಸುತ್ತದೆ. ಗುಡ್ಡ ಅಡ್ಡಬಂದರೆ ಅಥವಾ ನಾಯಿ ತಗ್ಗಿಗೆ ಇಳಿದರೆ ಅದು ಬಹಳ ಕುಗ್ಗುತ್ತದೆ. ಐಪಿ67 ಎಂಬುದು ಧೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ; ನೀರಿನ ಮಟ್ಟಿಗೆ ಅದು 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯುವ ಪರೀಕ್ಷೆ. ರಬ್ಬರು ಬಿರಿದ ಹಳೆಯ ಪಟ್ಟಿಗೆ ಆ ಭರವಸೆ ಸಲ್ಲದು. ಕೆಲವೇ ಸೆಕೆಂಡಿಗೊಮ್ಮೆ ಸ್ಥಳ ಕಳಿಸುವಂತೆ ಇಟ್ಟರೆ ಬ್ಯಾಟರಿ ಬೇಗ ಇಳಿಯುತ್ತದೆ, ಚಳಿಯಲ್ಲಿ ಇನ್ನೂ ಬೇಗ.

ನಾಯಿಯನ್ನು ಬಿಡುವ ಮುನ್ನ ನಾನೀಗ ಪಟ್ಟಿಯನ್ನು ಒಬ್ಬರ ಕೈಗೆ ಕೊಟ್ಟು ದೂರ ನಡೆಯಲು ಹೇಳಿ, ಗುರುತು ಸರಿಯುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ. ಅದರ ಕೊರಳಲ್ಲಿ ನನ್ನ ಫೋನ್ ಸಂಖ್ಯೆ ಕೆತ್ತಿದ ಹಿತ್ತಾಳೆಯ ಬಿಲ್ಲೆಯೂ ಇದೆ.