ಜೆಮೀಟರ್, ಲೋಕಸ್ಟ್, ಕೆ6: ಒಂದೇ ಆ್ಯಪ್, ಮೂರು ಥರದ ಉತ್ತರ

ಲೋಡ್ ಟೆಸ್ಟಿಂಗ್‌ಗೆ (ಒಟ್ಟಿಗೆ ನೂರಾರು ಕೃತಕ ಯೂಸರ್‌ಗಳನ್ನು ಬಿಟ್ಟು ಸರ್ವರ್ ಎಷ್ಟು ತಡೆಯುತ್ತದೆ ಎಂದು ನೋಡುವುದಕ್ಕೆ) ಯಾವ ಟೂಲ್ ಅಂತ ಯಾರಾದರೂ ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ಜೆಮೀಟರ್ ಎನ್ನುತ್ತಿದ್ದೆ. ಈಚೆಗೆ ಒಂದೇ ವೆಬ್ ಆ್ಯಪ್‌ನ ಲಾಗಿನ್, ಹುಡುಕಾಟ, ಕಾರ್ಟ್ ಮೂರನ್ನೂ ಮೂರು ಓಪನ್ ಸೋರ್ಸ್ ಟೂಲ್‌ಗಳಲ್ಲಿ ಬರೆದು ಓಡಿಸಿದೆ. ಈಗ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ.

ಜೆಮೀಟರ್‌ನಲ್ಲಿ ಶುರು ಮಾಡುವುದು ಸುಲಭ. ರೆಕಾರ್ಡರ್ ಹಾಕಿ ಬ್ರೌಸರ್‌ನಲ್ಲಿ ಓಡಾಡಿದರೆ ಅರ್ಧ ಕೆಲಸ ಮುಗಿಯಿತು. ನಾನು ಅದೇ ಕಿಟಕಿಯಲ್ಲಿ ಪ್ರತಿ ಉತ್ತರವನ್ನೂ ತೋರಿಸುವ ‘ವ್ಯೂ ರಿಸಲ್ಟ್ಸ್ ಟ್ರೀ’ಯನ್ನೂ ತೆರೆದಿಟ್ಟು 500 ಯೂಸರ್‌ಗಳನ್ನು ಬಿಟ್ಟೆ. ಸರ್ವರ್ ಆರಾಮಾಗಿತ್ತು, ಮಲಗಿದ್ದು ನನ್ನ ಲ್ಯಾಪ್‌ಟಾಪ್! ಆ ಟ್ರೀ ಬಂದ ರೆಸ್ಪಾನ್ಸ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಹೀಪ್ (ಟೂಲ್‌ಗೆ ಸಿಗುವ ಮೆಮೊರಿ) ಇರುವುದು ಡೀಫಾಲ್ಟಾಗಿ 1 ಜಿಬಿ. ಜೊತೆಗೆ ಒಬ್ಬ ಯೂಸರ್‌ಗೆ ಒಂದು ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಒಂದು ಎಳೆ. ಜಿಯುಐ (ಬಟನ್, ಮೆನು ಇರುವ ಕಿಟಕಿ) ಇರುವುದು ಸ್ಕ್ರಿಪ್ಟ್ ಬರೆಯಲಿಕ್ಕೆ, ಲೋಡ್ ಹಾಕುವುದು ಕಮಾಂಡ್ ಲೈನ್‌ನಿಂದ. ಟೂಲ್ ತೆರೆಯುವಾಗಲೇ ಟರ್ಮಿನಲ್‌ನಲ್ಲಿ ಇದನ್ನು ಹೇಳುತ್ತದೆ, ಓದಬೇಕಲ್ಲ. ಇನ್ನೊಂದು ತಲೆನೋವು ಎಂದರೆ ಫೈಲ್ ಎಕ್ಸ್‌ಎಂಎಲ್. ಸಹೋದ್ಯೋಗಿ ಏನು ಬದಲಿಸಿದರು ಎಂದು ಗಿಟ್‌ನಲ್ಲಿ ನೋಡಲು ಹೋದರೆ ಕಣ್ಣು ಉರಿ ಬರುತ್ತದೆ.

ಬರೆಯಲು ಜಾಸ್ತಿ ಖುಷಿ ಕೊಟ್ಟಿದ್ದು ಲೋಕಸ್ಟ್. ಎಲ್ಲವೂ ಪೈಥಾನ್. ಹುಡುಕಾಟಕ್ಕೆ 3, ಕಾರ್ಟ್‌ಗೆ 1 ಎಂದು ತೂಕ ಕೊಟ್ಟರೆ ಆ ಅನುಪಾತದಲ್ಲೇ ಯೂಸರ್‌ಗಳು ಓಡಾಡುತ್ತಾರೆ. ಆದರೆ ಒಂದು ಪ್ರೊಸೆಸ್ ಒಂದೇ ಕೋರ್ ಬಳಸುತ್ತದೆ. ನನಗೆ ರೆಸ್ಪಾನ್ಸ್ ಟೈಮ್ ಏರುತ್ತಾ ಹೋಯಿತು, ಸರ್ವರ್‌ನ ಸಿಪಿಯು ಮಾತ್ರ ಸುಮ್ನೆ ಕೂತಿತ್ತು. ಸುಸ್ತಾಗಿದ್ದು ಲೋಕಸ್ಟೇ. ಕೋರ್‌ಗೊಂದು ಪ್ರೊಸೆಸ್ ಕೊಟ್ಟು, ಅದರಲ್ಲೇ ಇರುವ ಹಗುರವಾದ ಯೂಸರ್ ಕ್ಲಾಸ್ ಫಾಸ್ಟ್‌ಎಚ್‌ಟಿಟಿಪಿಯೂಸರ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ಕೆ6 ಗೋ ಭಾಷೆಯಲ್ಲಿ ಕಟ್ಟಿದ್ದು, ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟ್‌ನಲ್ಲಿ. ಒಳಗಿರುವುದು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಅಲ್ಲ, ಹಾಗಾಗಿ ಅದರ ಸಿದ್ಧ ಕೋಡ್ ಗಂಟುಗಳು, ಅಂದರೆ ಕಂಡ ಎನ್‌ಪಿಎಂ ಪ್ಯಾಕೇಜ್‌ಗಳೆಲ್ಲ ನಡೆಯುವುದಿಲ್ಲ. ನನ್ನನ್ನು ಹಿಡಿದಿಟ್ಟಿದ್ದು ಬೇರೆ ವಿಷಯ.

ಹೀಗೊಂದು ಲೆಕ್ಕ ನೋಡಿ. 10 ಯೂಸರ್, ಉತ್ತರಕ್ಕೆ 100 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 100 ರಿಕ್ವೆಸ್ಟ್. 100 ಸೆಕೆಂಡಿನ ಟೆಸ್ಟ್‌ನಲ್ಲಿ ಸರ್ವರ್ 10 ಸೆಕೆಂಡ್ ಕೈಕಟ್ಟಿ ನಿಂತಿತು ಎನ್ನೋಣ. ಯೂಸರ್‌ಗಳು ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳಿಸುವವರಾದರೆ ಅವರೂ ನಿಲ್ಲುತ್ತಾರೆ. ನಿಧಾನವಾದವು ಬರೀ 10, ಬೇಗ ಮುಗಿದವು 9,000. ಪಿ95 (100ರಲ್ಲಿ 95 ರಿಕ್ವೆಸ್ಟ್‌ಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂಬ ಅಳತೆ) ಮಾತ್ರ ಅಲ್ಲ, ಪಿ99 ಕೂಡ 100 ಮಿಲಿಸೆಕೆಂಡ್! ನಿಜವಾದ ಜನ ಹಾಗೆ ಕಾಯುವುದಿಲ್ಲ ಅಲ್ವಾ? ಹೊಸಬರು ಬರುತ್ತಲೇ ಇರುತ್ತಾರೆ. ಆ 10 ಸೆಕೆಂಡಿನಲ್ಲಿ 1,000 ರಿಕ್ವೆಸ್ಟ್ ಸಿಕ್ಕಿಕೊಳ್ಳುತ್ತವೆ, ಸರ್ವರ್ ಎದ್ದ ಕೂಡಲೇ ಎಲ್ಲವನ್ನೂ ಮುಗಿಸಿದರೂ ಪಿ95 ಸುಮಾರು 5 ಸೆಕೆಂಡ್.

ಕೆ6ನಲ್ಲಿ ‘ಕಾನ್‌ಸ್ಟಂಟ್ ಅರೈವಲ್ ರೇಟ್’ ಎಂದು ಬರೆದರೆ ಈ ಎರಡನೇ ರೀತಿ ಸಿಗುತ್ತದೆ. ವರ್ಚುವಲ್ ಯೂಸರ್‌ಗಳನ್ನು ಧಾರಾಳವಾಗಿ ಕೊಡಿ. ಕಮ್ಮಿ ಕೊಟ್ಟರೆ ಕಳಿಸಲಾಗದವನ್ನು ‘ಡ್ರಾಪ್ಡ್ ಇಟರೇಶನ್ಸ್’ ಎಂದು ಎಣಿಸುತ್ತದೆ. ಮೊದಲ ದಿನ ನಾನು ಆ ಸಾಲನ್ನೇ ನೋಡದೆ ರಿಪೋರ್ಟ್ ಕಳಿಸಿದ್ದೆ. ಜೆಮೀಟರ್‌ನಲ್ಲೂ 5.5ರಿಂದ ‘ಓಪನ್ ಮಾಡೆಲ್ ಥ್ರೆಡ್ ಗ್ರೂಪ್’ ಇದೆ. ಲೋಕಸ್ಟ್‌ನ ‘ಕಾನ್‌ಸ್ಟಂಟ್ ಥ್ರೂಪುಟ್’ ಹೆಸರು ಕೇಳಿ ಮೋಸ ಹೋಗಬೇಡಿ, ಅಲ್ಲಿ ಯೂಸರ್ ಉತ್ತರಕ್ಕೆ ಕಾಯುತ್ತಲೇ ಇರುತ್ತಾನೆ.

ಗ್ಯಾಟ್ಲಿಂಗ್ ಎಂಬ ಇನ್ನೊಂದು ಲೋಡ್ ಟೂಲ್ ಅನ್ನೂ ಮುಟ್ಟಿ ನೋಡಿದೆ. ರಿಪೋರ್ಟ್ ನೋಡಲು ಬಲು ಚೆಂದ, ತಂಡಕ್ಕೆ ಜಾವಾ ಗೊತ್ತಿದ್ದರೆ ನೋಡಬಹುದು.

ಈಗ ನಮ್ಮ ಬಿಲ್ಡ್ ಪೈಪ್‌ಲೈನ್‌ನಲ್ಲಿ (ಕೋಡ್ ಬದಲಾದಾಗ ತಾನಾಗಿ ಓಡುವ ಪರೀಕ್ಷೆಗಳ ಸಾಲಿನಲ್ಲಿ) ಕೆ6 ಕೂತಿದೆ. ಪಿ95 500 ಮಿಲಿಸೆಕೆಂಡ್ ದಾಟಿದರೆ ಬಿಲ್ಡ್ ಕೆಂಪಾಗುತ್ತದೆ. ಜೆಮೀಟರ್ ಅಳಿಸಿಲ್ಲ. ಡೇಟಾಬೇಸ್, ಜೆಎಂಎಸ್ ಕ್ಯೂಗಳಿಗೆ (ಜಾವಾ ಆ್ಯಪ್‌ಗಳು ಸಂದೇಶ ಕಳಿಸಿಕೊಳ್ಳುವ ಸಾಲುಗಳಿಗೆ) ನೇರವಾಗಿ ಲೋಡ್ ಹಾಕಬೇಕಾದಾಗ ಈಗಲೂ ಅದನ್ನೇ ತೆರೆಯುತ್ತೇನೆ, ಟ್ರೀ ಮುಚ್ಚಿಟ್ಟು.