ಮನೆಯಲ್ಲೇ ಮೇಲ್ ಸರ್ವರ್: ಮಂಗಳೂರಿನ ಫೈಬರ್ ಲೈನಿಗೆ ಮೇಲ್-ಇನ್-ಎ-ಬಾಕ್ಸ್ ಒಗ್ಗುತ್ತದೆಯೇ?

ಸ್ವಂತ ಡೊಮೇನಿನ ಹೆಸರಲ್ಲಿ ಮೇಲ್ ವಿಳಾಸ ಬೇಕು, ಮೇಲ್‌ಗಳೆಲ್ಲ ಮನೆಯ ಡಿಸ್ಕಿನಲ್ಲೇ ಇರಬೇಕು ಎನ್ನುವವರು ಮೊದಲು ನೋಡಬೇಕಾದ ಉಚಿತ ತಂತ್ರಾಂಶ ಮೇಲ್-ಇನ್-ಎ-ಬಾಕ್ಸ್. ಮೇಲ್ ಕಳಿಸುವ, ಸ್ವೀಕರಿಸುವ ಪೋಸ್ಟ್‌ಫಿಕ್ಸ್, ಬಂದ ಮೇಲನ್ನು ಇಟ್ಟು ಓದಲು ಕೊಡುವ ಡವ್‌ಕಾಟ್, ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸಾಸಿನ್, ಬ್ರೌಸರಿನಲ್ಲಿ ಮೇಲ್ ಓದಲು ರೌಂಡ್‌ಕ್ಯೂಬ್, ಕಾಂಟ್ಯಾಕ್ಟ್ ಮತ್ತು ಕ್ಯಾಲೆಂಡರಿಗೆ ನೆಕ್ಸ್ಟ್‌ಕ್ಲೌಡ್ ಎಲ್ಲವನ್ನೂ ಒಂದೇ ಕಮಾಂಡಿನಲ್ಲಿ ಕೂರಿಸುತ್ತದೆ. ಕೆಲಸ ಅಚ್ಚುಕಟ್ಟು, ಸಂಶಯವಿಲ್ಲ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇದು ನಡೆಯುವುದೂ ಬಿಡುವುದೂ ಮಾತ್ರ ಮನೆಗೆ ಬಂದಿರುವ ಲೈನಿನ ಮೇಲೆ ನಿಂತಿದೆ.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ರೌಟರಿನ ಸೆಟ್ಟಿಂಗ್ ಪುಟ ತೆರೆದು ವ್ಯಾನ್ ಐಪಿ, ಅಂದರೆ ಲೈನ್ ಕೊಟ್ಟ ಕಂಪನಿ ನಿಮಗೆ ನೀಡಿರುವ ಇಂಟರ್ನೆಟ್ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಹೊರಗಿನಿಂದ ಯಾವ ಮೇಲೂ ನಿಮ್ಮ ಪೆಟ್ಟಿಗೆಗೆ, ಅಂದರೆ ಮೇಲ್ ಯಂತ್ರಕ್ಕೆ, ಬಂದು ಮುಟ್ಟುವುದಿಲ್ಲ. ಆಗ ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಮೀಸಲಾದ ಬದಲಾಗದ ವಿಳಾಸ, ಇರುವ ಪ್ಲಾನ್ ತೆಗೆದುಕೊಳ್ಳಬೇಕು. ಕೇಳುವಾಗ ಇನ್ನೆರಡು ಪ್ರಶ್ನೆ ಸೇರಿಸಿ: ಸರ್ವರುಗಳು ಪರಸ್ಪರ ಮೇಲ್ ಸಾಗಿಸುವ ಬಾಗಿಲಾದ ಪೋರ್ಟ್ 25 ಒಳಕ್ಕೂ ಹೊರಕ್ಕೂ ತೆರೆದಿದೆಯೇ? ಆ ಐಪಿಗೆ ನನ್ನ ಡೊಮೇನ್ ತೋರಿಸುವ ಪಿಟಿಆರ್ ದಾಖಲೆ, ಅಂದರೆ ರಿವರ್ಸ್ ಡಿಎನ್‌ಎಸ್, ಹಾಕಿಕೊಡುತ್ತೀರಾ? ಫೋನಿನಲ್ಲಿ ಸಿಗುವ ಭರವಸೆ ಸಾಲದು, ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ. ಪಿಟಿಆರ್ ಐಪಿಯ ಒಡೆಯರ ಕೈಯಲ್ಲಿರುತ್ತದೆ, ಡೊಮೇನ್ ಮಾರಿದವರಿಂದ ಅದು ಆಗುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳುಹಿಸುವವರೆಲ್ಲರಿಂದ ಪಿಟಿಆರ್ ಜೊತೆಗೆ ಎಸ್‌ಪಿಎಫ್ (ಡೊಮೇನಿನ ಮೇಲ್ ಯಾವ ಸರ್ವರಿನಿಂದ ಬರಬಹುದು ಎಂಬ ದಾಖಲೆ) ಅಥವಾ ಡಿಕಿಮ್ (ಮೇಲಿಗೆ ಹಾಕುವ ಡಿಜಿಟಲ್ ಸಹಿ) ಕೇಳುತ್ತಿದೆ.

ಯಂತ್ರದ ವಿಷಯ ಸುಲಭ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಹಳೆಯ ಮಿನಿ ಪಿಸಿ, 2 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸಾಕು. ಉಬುಂಟು ಸರ್ವರ್ 22.04 ಹೊಸದಾಗಿ ಹಾಕಿರಬೇಕು; ಬೇರೆ ಕೆಲಸಕ್ಕೆ ಬಳಸುತ್ತಿರುವ ಯಂತ್ರದ ಮೇಲೆ ಹೇರಬೇಡಿ, ಇದು ಇಡೀ ಯಂತ್ರವನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ರಾಸ್ಪ್‌ಬೆರಿ ಪೈ ಬೇಡ, ಆ ಬಗೆಯ ಪ್ರೊಸೆಸರಿನ ಮೇಲೆ ಇದನ್ನು ಪರೀಕ್ಷಿಸಿಲ್ಲ.

ಇನ್‌ಸ್ಟಾಲ್ ಶುರುವಾದೊಡನೆ ತಂತ್ರಾಂಶ ನಿಮ್ಮ ಐಪಿಯನ್ನು ಸ್ಪ್ಯಾಮ್‌ಹೌಸ್ ಸಂಸ್ಥೆಯ ತಡೆಪಟ್ಟಿಯಲ್ಲಿ ಹುಡುಕುತ್ತದೆ, ಪೋರ್ಟ್ 25ರಿಂದ ಹೊರಹೋಗಲು ಆಗುತ್ತದೆಯೇ ಎಂದು ನೋಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಅಲ್ಲಿಗೇ ನಿಲ್ಲುತ್ತದೆ. ಮನೆ ಲೈನಿನ ಐಪಿಗಳು ಸ್ಪ್ಯಾಮ್ ಕಳಿಸದಿದ್ದರೂ ಆ ಪಟ್ಟಿಯಲ್ಲಿರುವುದು ಸಾಮಾನ್ಯ, ಏಕೆಂದರೆ ಮನೆ ಐಪಿಗಳಿಂದ ನೇರವಾಗಿ ಮೇಲ್ ಬರಬಾರದು ಎಂಬ ಲೆಕ್ಕದಲ್ಲೇ ಅದರ ಒಂದು ಭಾಗ ತಯಾರಾಗಿದೆ. ಈ ತಡೆ ನನಗೆ ಇಷ್ಟವಾದ ಗುಣ: ಕಳಿಸಿದ ಮೇಲ್ ತಲುಪಿತೋ ಇಲ್ಲವೋ ಎಂದು ತಿಂಗಳುಗಟ್ಟಲೆ ಒದ್ದಾಡುವ ಬದಲು ಮೊದಲೇ ಗೊತ್ತಾಗುತ್ತದೆ. ತಪಾಸಣೆಯನ್ನು ದಾಟಿಸುವ ಆಯ್ಕೆಯೂ ಇದೆ. ಹೊರಹೋಗುವ ಮೇಲನ್ನು, ನಮ್ಮ ಪರವಾಗಿ ಮುಂದಕ್ಕೆ ಸಾಗಿಸುವ ರಿಲೇ ಸೇವೆಯೊಂದರ ಮೂಲಕ ಕಳಿಸುವವರು ಮಾತ್ರ ಅದನ್ನು ಬಳಸಲಿ.

ಕರಾವಳಿಯ ಮನೆಗಳಿಗೆ ನನ್ನ ಸಲಹೆಯೂ ಅದೇ: ಒಳಬರುವುದು ನೇರ ಮನೆಗೆ, ಹೊರಹೋಗುವುದು ರಿಲೇ ಮೂಲಕ. ಪೋಸ್ಟ್‌ಫಿಕ್ಸಿನ ಸೆಟ್ಟಿಂಗಿನಲ್ಲಿ ರಿಲೇಹೋಸ್ಟ್ ಸಾಲಿಗೆ ಆ ಸೇವೆಯ ಹೆಸರು, ಪೋರ್ಟ್ 587, ಜೊತೆಗೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಡಬೇಕು. ಇದಕ್ಕೆ ಕಂಟ್ರೋಲ್ ಪ್ಯಾನೆಲಿನಲ್ಲಿ ಜಾಗವಿಲ್ಲದಿರುವುದು ಈ ತಂತ್ರಾಂಶದ ದೊಡ್ಡ ಕೊರತೆ. ಕೈಯಾರೆ ಬರೆಯಬೇಕು, ಪ್ರತಿ ಅಪ್‌ಗ್ರೇಡಿನ ಬಳಿಕ ಆ ಸಾಲು ಉಳಿದಿದೆಯೇ ಎಂದು ನೋಡಬೇಕು. ಎಸ್‌ಪಿಎಫ್ ದಾಖಲೆಗೆ ರಿಲೇಯವರ ಹೆಸರನ್ನೂ ಸೇರಿಸಿ. ಮರೆತರೆ ಮೇಲ್ ಸ್ಪ್ಯಾಮ್ ಫೋಲ್ಡರಿನ ದಾರಿ ಹಿಡಿಯುತ್ತದೆ.

ಡೊಮೇನ್ ಹೆಸರು ಯಾವ ಐಪಿಯದ್ದೆಂದು ಹೇಳುವ ಡಿಎನ್‌ಎಸ್ ಕೂಡ ತಾನೇ ನಡೆಸುತ್ತೇನೆ ಎನ್ನುತ್ತದೆ ಮೇಲ್-ಇನ್-ಎ-ಬಾಕ್ಸ್. ಮನೆಯಲ್ಲಿ ಅದಕ್ಕೆ ಒಪ್ಪಬೇಡಿ. ಲೈನ್ ಹೋದಾಗ ಡೊಮೇನೇ ಕಾಣೆಯಾಗುತ್ತದೆ, ಅದೇ ಹೆಸರಿನ ವೆಬ್‌ಸೈಟ್ ಬೇರೆಡೆ ಇದ್ದರೂ ತೆರೆಯುವುದಿಲ್ಲ. ಡಿಎನ್‌ಎಸ್ ಡೊಮೇನ್ ಕೊಂಡಲ್ಲೇ ಇರಲಿ. ತಂತ್ರಾಂಶದ ಎಕ್ಸ್‌ಟರ್ನಲ್ ಡಿಎನ್‌ಎಸ್ ಪುಟದಲ್ಲಿ ತೋರಿಸುವ ಎ, ಎಂಎಕ್ಸ್, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಅಲ್ಲಿಗೆ ನಕಲು ಮಾಡಿ. ಎಡವಟ್ಟಾಗುವುದು ಹೆಚ್ಚಾಗಿ ಡಿಕಿಮ್‌ನಲ್ಲಿ: 2048 ಬಿಟ್ ಕೀ 255 ಅಕ್ಷರ ಮೀರುತ್ತದೆ, ಅದನ್ನು ತುಂಡು ಮಾಡಿ ಕೊಡಬೇಕು. ಡೊಮೇನ್ ಮಾರಿದವರ ಪ್ಯಾನೆಲ್ ಸದ್ದಿಲ್ಲದೆ ಬಾಲ ಕತ್ತರಿಸಿಬಿಟ್ಟರೆ ಪ್ರತಿ ಮೇಲಿನ ಸಹಿಯೂ ಸುಳ್ಳಾಗುತ್ತದೆ.

ರೌಟರಿನಲ್ಲಿ 25, 80, 443, 465, 587, 993 ಪೋರ್ಟ್‌ಗಳನ್ನು ಪೆಟ್ಟಿಗೆಯ ಕಡೆ ತಿರುಗಿಸಿ. 80 ಬೇಕಿರುವುದು ಸಂಪರ್ಕವನ್ನು ಸುರಕ್ಷಿತವಾಗಿಡುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಕ್ಕೆ. ಅದರ ಆಯುಸ್ಸು 90 ದಿನ. ತಾನಾಗಿ ನವೀಕರಣವಾಗುತ್ತದೆ, ಪೋರ್ಟ್ ಮುಚ್ಚಿದ್ದರೆ ಆಗುವುದಿಲ್ಲ. ಮೊಬೈಲ್ ಡೇಟಾದಲ್ಲಿ ಬರುವ ಮೇಲ್ ಮನೆಯ ವೈಫೈನಲ್ಲಿ ಬರದಿದ್ದರೆ ಸರ್ವರನ್ನು ಮುಟ್ಟಬೇಡಿ: ರೌಟರಿಗೆ ತನ್ನದೇ ಹೊರ ಐಪಿಯನ್ನು ಒಳಕ್ಕೆ ಮರಳಿಸಲು ಬರುತ್ತಿಲ್ಲ. ರೌಟರಿನ ಡಿಎನ್‌ಎಸ್‌ನಲ್ಲಿ ಪೆಟ್ಟಿಗೆಯ ಹೆಸರಿಗೆ ಒಳಗಿನ ಐಪಿ ಬರೆದರೆ ಸರಿಹೋಗುತ್ತದೆ.

ಮಳೆಗಾಲದ ಭಯ ಬೇಡ. ಗಾಳಿಗೆ ತೆಂಗಿನ ಗರಿ ಬಿದ್ದು ಫೈಬರ್ ತುಂಡಾಗಲಿ, ಮೆಸ್ಕಾಂ ಕರೆಂಟ್ ಅರ್ಧ ದಿನ ಹೋಗಲಿ, ಕಳುಹಿಸುವ ಸರ್ವರುಗಳು ಮೇಲನ್ನು ಸರತಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತವೆ; 4-5 ದಿನವಾದರೂ ಕಾಯಬೇಕೆಂದು ಮೇಲ್ ಸಾಗಣೆಯ ಎಸ್‌ಎಂಟಿಪಿ ನಿಯಮವೇ ಹೇಳುತ್ತದೆ. ಮಾಡಬೇಕಾದ್ದು ಎರಡು. ಯಂತ್ರ, ಫೈಬರ್ ಮೋಡೆಮ್, ರೌಟರ್ ಮೂರನ್ನೂ ಯುಪಿಎಸ್‌ಗೆ ಹಾಕಿ. ಬರೀ ಇನ್ವರ್ಟರ್ ಇದ್ದರೆ ಬದಲಾಗುವ ಆ ಕ್ಷಣದಲ್ಲಿ ಯಂತ್ರ ಆಫ್ ಆಗಬಹುದು. ಮತ್ತೆ, ಕರೆಂಟ್ ಬಂದೊಡನೆ ತಾನಾಗಿ ಆನ್ ಆಗುವ ಆಯ್ಕೆಯನ್ನು ಬಯೋಸ್‌ನಲ್ಲಿ ಹಾಕಿಡಿ. ಇಲ್ಲದಿದ್ದರೆ ನೀವು ಊರಿಗೆ ಹೋಗಿರುವಾಗ ಪೆಟ್ಟಿಗೆ ಮಲಗಿಯೇ ಇರುತ್ತದೆ.

ದಿನಬಳಕೆಯಲ್ಲಿ ಕಿರಿಕಿರಿ ಒಂದೇ, ಗ್ರೇಲಿಸ್ಟಿಂಗ್. ಹೊಸಬರ ಮೊದಲ ಮೇಲನ್ನು 'ಆಮೇಲೆ ಬನ್ನಿ' ಎಂದು ಹಿಂದೆ ಕಳಿಸುತ್ತದೆ. ಸ್ಪ್ಯಾಮ್ ಚೆನ್ನಾಗಿ ಕಡಿಮೆಯಾಗುತ್ತದೆ, ಆದರೆ ಒಟಿಪಿ ಮೇಲ್ ಅವಧಿ ಮುಗಿದ ಮೇಲೆ ಬಂದೀತು. ಬ್ಯಾಂಕಿಗೆ ಈ ವಿಳಾಸ ಕೊಡುವುದನ್ನು ಸದ್ಯಕ್ಕೆ ತಡೆಹಿಡಿಯಿರಿ.

ಪ್ರತಿ ರಾತ್ರಿ ಬ್ಯಾಕಪ್ ತಾನಾಗಿ ಆಗುತ್ತದೆ, ಗೂಢಲಿಪಿಯಲ್ಲಿ. ಮೊದಲಿಗೆ ಅದು ಅದೇ ಡಿಸ್ಕಿನಲ್ಲಿರುತ್ತದೆ. ಪ್ಯಾನೆಲಿನಲ್ಲಿ ಹೊರಗಿನ ಜಾಗವೊಂದನ್ನು ಸೂಚಿಸಿ. ಬ್ಯಾಕಪ್ ಫೋಲ್ಡರಿನಲ್ಲಿರುವ ಸೀಕ್ರೆಟ್ ಕೀ ಫೈಲನ್ನು ಇನ್‌ಸ್ಟಾಲ್ ಆದ ದಿನವೇ ಪೆನ್‌ಡ್ರೈವಿಗೆ ನಕಲಿಸಿ ಬೇರೆ ಮನೆಯಲ್ಲಿಡಿ. ಸಿಡಿಲಿಗೆ ಯಂತ್ರ ಸುಟ್ಟರೆ ಆ ಫೈಲ್ ಇಲ್ಲದ ಬ್ಯಾಕಪ್ಪನ್ನು ಯಾರಿಂದಲೂ ತೆರೆಯಲಾಗದು.