ಹಳೇ ಕಾರಿಗೆ ಹೊಸ ಡ್ಯಾಶ್ ಪ್ಯಾಡ್: ಕೂರಿಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಈ ಡ್ಯಾಶ್ ಪ್ಯಾಡ್, ಅಂದರೆ ಡ್ಯಾಶ್‌ಬೋರ್ಡಿನ ಮೇಲೆ ಕೂರುವ ಮೆತ್ತೆ, ನನಗೆ ಇಷ್ಟವಾಯಿತು. ಒಡೆದ ಹಳೇ ಪ್ಯಾಡ್ ನೋಡಿ ಕೊರಗುತ್ತಿರುವವರು ಧೈರ್ಯವಾಗಿ ಕೊಳ್ಳಬಹುದು. ಆದರೆ ಡಬ್ಬ ಬಿಚ್ಚಿ, ಮೇಲಿಟ್ಟು, ನಟ್ಟು ಬಿಗಿದರೆ ಮುಗಿಯುವ ಕೆಲಸ ಇದಲ್ಲ. ಪ್ಯಾಡ್ ಎಷ್ಟೇ ಚೆನ್ನಾಗಿದ್ದರೂ ಅಂಚು ಕೂರುವುದು ಕೂರಿಸುವವರ ತಾಳ್ಮೆಯ ಮೇಲೆ. ಅದಕ್ಕೇ ವಸ್ತುವಿಗಿಂತ ಕೂರಿಸುವ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತಿದ್ದೇನೆ.

ನನ್ನದು 1960ರ ದಶಕದ ಕೊನೆಯ ಎರಡು ಬಾಗಿಲಿನ ಕಾರು. ಎಂಜಿನ್, ಬ್ರೇಕ್, ಬಾಡಿಯ ಬಣ್ಣ ಎಲ್ಲ ಆಗಿತ್ತು. ಮುಂದಿನ ಗ್ಲಾಸ್ ಇನ್ನೂ ಹಾಕಿರಲಿಲ್ಲ. ಒಳಗೆ ಕೂತರೆ ಕಣ್ಣು ನೇರ ಡ್ಯಾಶ್ ಮೇಲಿನ ಬಿರುಕಿಗೇ ಹೋಗುತ್ತಿತ್ತು. ಗ್ಲಾಸಿಗೆ ಬಿಸಿಗಾಳಿ ಬಿಡುವ ಕಿಂಡಿಯ ಮೂಲೆಯಲ್ಲಿ ಶುರುವಾಗಿ ಸ್ಪೀಕರ್ ಜಾಲರಿಯವರೆಗೆ ಅದು ಬಾಯಿ ಬಿಟ್ಟಿತ್ತು. ಒಳಗಿನ ಫೋಮ್ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು.

ಇದು ನನ್ನ ಕಾರಿನ ಕಾಯಿಲೆ ಮಾತ್ರ ಅಲ್ಲ. ಡಾಟ್ಸನ್ 240ಝಡ್ ಅನ್ನುವ ಹಳೇ ಜಪಾನಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರನ್ನು ಕೇಳಿ ನೋಡಿ, ಬಿರುಕು ಬಿಡದ ಮೂಲ ಡ್ಯಾಶ್ ಸಿಗುವುದು ಎಷ್ಟು ಅಪರೂಪ ಅಂತ ಹೇಳುತ್ತಾರೆ. ಮೇಲಿನ ಹೊದಿಕೆ ವಿನೈಲ್, ಅಂದರೆ ಪಿವಿಸಿ. ಪಿವಿಸಿ ತಾನಾಗಿ ಗಡಸು. ಅದಕ್ಕೆ ಬೆರೆಸಿದ ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ದ್ರವದಿಂದ ಅದು ಮೆತ್ತಗಿರುತ್ತದೆ. ಬಿಸಿಲು ಬಿದ್ದಂತೆಲ್ಲ ಆ ದ್ರವ ಮೆಲ್ಲಗೆ ಹೊರಗೆ ಹೋಗುತ್ತದೆ. ಹೊದಿಕೆ ಒಣಗಿ ಕುಗ್ಗುತ್ತದೆ. ಅಡಿಯ ತಗಡು ಕುಗ್ಗುವುದಿಲ್ಲ. ಆ ಎಳೆದಾಟದಲ್ಲಿ ತೂತು, ಕಿಂಡಿಗಳ ಮೂಲೆಯಲ್ಲೇ ಮೊದಲು ಹರಿಯುತ್ತದೆ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಬೇಸಿಗೆಯ ಬಿಸಿಲಲ್ಲಿ ನಿಲ್ಲಿಸಿದ ಕಾರುಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ್ದರು. ಒಂದು ಗಂಟೆಯಲ್ಲಿ ಸೀಟು ಸರಾಸರಿ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಸ್ಟೀರಿಂಗ್ 53, ಡ್ಯಾಶ್‌ಬೋರ್ಡ್ 69. ಐವತ್ತು ವರ್ಷ ಈ ಕಾವು ತಿಂದರೆ ಯಾವ ವಿನೈಲ್ ತಾನೇ ಉಳಿದೀತು?

ಹೊಸ ಪ್ಯಾಡ್ ಬೇಡ ಅನ್ನುವವರಿಗೆ ಬೇರೆ ದಾರಿಗಳೂ ಇವೆ. ಹಳೆಯದರ ಮೇಲೆ ಅಂಟಿಸುವ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಬರುತ್ತದೆ. ದೂರದಿಂದ ಚೆನ್ನಾಗೇ ಕಾಣುತ್ತದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಶಬ್ದ ಬರುತ್ತದೆ, ಅಡಿಯಲ್ಲಿ ಬಿರುಕು ಹಾಗೇ ಇರುತ್ತದೆ. ಹಳೇ ಸ್ಟಾಕಿನ ಮೂಲ ಪ್ಯಾಡ್ ಎಲ್ಲಾದರೂ ಸಿಕ್ಕರೆ ಆಸೆ ಆಗುವುದು ಸಹಜ. ಆದರೆ ಡಬ್ಬದಲ್ಲಿದ್ದರೂ ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ ಅಲ್ವಾ? ಬಗ್ಗಿಸುವಾಗ ಒಡೆಯುವ ಭಯ ಇದ್ದೇ ಇರುತ್ತದೆ. ಹಳೇ ಪ್ಯಾಡಿಗೇ ಹೊಸ ಫೋಮ್ ತುಂಬಿಸಿ ಹೊಸ ಹೊದಿಕೆ ಹಾಕಿಸುವುದು ಒಳ್ಳೆಯ ದಾರಿ, ಕೆಲಸ ಬಲ್ಲವರು ಸಿಕ್ಕರೆ.

ನಾನು ಪೂರ್ತಿ ಪ್ಯಾಡನ್ನೇ ಆರಿಸಿದ್ದಕ್ಕೆ ಅಂದ ಮಾತ್ರ ಕಾರಣವಲ್ಲ. ಡ್ಯಾಶ್ ಪ್ಯಾಡ್ ಬಂದದ್ದೇ ತಲೆ ಕಾಯಲು. ಫೋರ್ಡ್ ಕಂಪನಿ 1956ರ ಕಾರುಗಳಿಗೆ ಸುರಕ್ಷತೆಯ ಹೆಸರಲ್ಲೇ ಮೆತ್ತನೆಯ ಡ್ಯಾಶ್ ಕೊಟ್ಟಿತ್ತು, ಬೇಕಾದವರಿಗೆ ಮಾತ್ರ. 1968ರ ಜನವರಿ 1ರಿಂದ ಅಮೆರಿಕದಲ್ಲಿ ಕಾರಿನ ಒಳಭಾಗಕ್ಕೆ ತಲೆ ಬಡಿದಾಗ ಆಗುವ ಪೆಟ್ಟಿನ ಬಗ್ಗೆ ನಿಯಮವೇ ಬಂತು. ಹಳೇ ಕಾರಲ್ಲಿ ಏರ್‌ಬ್ಯಾಗ್ ಇಲ್ಲ. ಎದುರಿಗಿರುವುದು ಈ ಫೋಮ್ ಒಂದೇ. ಅದು ಪುಡಿಯಾಗಿದ್ದರೆ ಮೇಲೆ ಎಂಥ ಕವರ್ ಹಾಕಿದರೂ ಏನು ಬಂತು?

ಇನ್ನು ಈ ಪ್ಯಾಡ್. ಒಳಗೆ ತಗಡಿನ ಅಚ್ಚು, ಅದರ ಮೇಲೆ ಬಿಗಿಯಾದ ಫೋಮ್, ಮೇಲೆ ಒಂದೇ ತುಂಡಿನ ಹೊದಿಕೆ. ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಕೂಡಲೇ ಮೇಲೆ ಬರುತ್ತದೆ, ಗುರುತು ಉಳಿಯುವುದಿಲ್ಲ. ಮೀಟರಿನ ಮೇಲಿನ ಹುಬ್ಬು ಮೂಲದಷ್ಟೇ ಚೂಪಾಗಿದೆ. ಅಗ್ಗದ ಪ್ಯಾಡುಗಳಲ್ಲಿ ಈ ಹುಬ್ಬೇ ಮೊದಲು ಮೊಂಡಾಗಿ ಕಾಣುವುದು. ಕಿಂಡಿಗಳನ್ನು ಶುಚಿಯಾಗಿ ಕತ್ತರಿಸಿದ್ದಾರೆ. ಹೊದಿಕೆಯ ಗೆರೆ ವಿನ್ಯಾಸ ಮಾತ್ರ ಮೂಲಕ್ಕಿಂತ ತುಸು ಸಣ್ಣದು, ಹೊಳಪು ತುಸು ಜಾಸ್ತಿ. ಡೋರ್ ಪ್ಯಾನಲ್ ಪಕ್ಕದಲ್ಲಿ ಹಿಡಿದರೆ ಗೊತ್ತಾಗುತ್ತದೆ. ಸ್ಪರ್ಧೆಗೆ ಕಾರು ಇಡುವವರಿಗೆ ಇದು ಕಾಡಬಹುದು. ಓಡಿಸಲು ಕಾರು ಇಟ್ಟುಕೊಂಡ ನನಗೆ ಕಾಡಲಿಲ್ಲ.

ಹಳೆಯದನ್ನು ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಡ್ಯಾಶ್ ಅಡಿಯಲ್ಲಿ ಕೈ ಹಾಕುವ ಜಾಗದಲ್ಲೇ ಹಳೇ ವೈರುಗಳು ಸಿಪ್ಪೆ ಸುಲಿದುಕೊಂಡು ಇರುತ್ತವೆ. ಬಿಚ್ಚಿದ ನಟ್ಟು, ಸ್ಕ್ರೂ, ಕ್ಲಿಪ್ಪುಗಳನ್ನು ಯಾವ ಜಾಗದ್ದು ಅಂತ ಬರೆದು ಬೇರೆ ಬೇರೆ ಕವರಿಗೆ ಹಾಕಿ. ಹೊಸ ಪ್ಯಾಡ್ ಜೊತೆ ಒಂದು ನಟ್ಟೂ ಬರುವುದಿಲ್ಲ, ಕೂರಿಸುವ ಕ್ರಮದ ಚೀಟಿಯೂ ಇಲ್ಲ. ಇದು ನನ್ನ ದೊಡ್ಡ ದೂರು. ಹಳೇ ಪ್ಯಾಡನ್ನು ಕೆಲಸ ಮುಗಿಯುವವರೆಗೆ ಬಿಸಾಡಬೇಡಿ. ಸ್ಟಡ್ (ನಟ್ಟು ಹಾಕಲು ಪ್ಯಾಡಿನಿಂದ ಹೊರಚಾಚಿದ ಬೋಲ್ಟು) ಎಲ್ಲಿರಬೇಕು, ತೂತು ಎಷ್ಟು ದೂರ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಪ್ಯಾಡ್ ಎತ್ತಿದ ಮೇಲೆ ಅಡಿಯ ತಗಡು ನೋಡಿ. ಗ್ಲಾಸಿನ ರಬ್ಬರ್ ಒಣಗಿ ನೀರು ಇಳಿದಿದ್ದರೆ ಅಲ್ಲೇ ತುಕ್ಕು ಹಿಡಿದಿರುತ್ತದೆ. ನನ್ನ ಕಾರಿನಲ್ಲಿ ಎಡ ಮೂಲೆಯಲ್ಲಿತ್ತು. ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಒಣಗಿದ ಮೇಲೆಯೇ ಮುಂದಿನ ಕೆಲಸ. ಈ ಜಾಗ ಮತ್ತೆ ಕಣ್ಣಿಗೆ ಬೀಳುವುದಿಲ್ಲ.

ನಂತರ ಸುಮ್ನೆ ಒಮ್ಮೆ ಇಟ್ಟು ನೋಡುವುದು. ಗಮ್ ಇಲ್ಲ, ನಟ್ಟು ಇಲ್ಲ. ನನಗೆ ಬಂದ ಪ್ಯಾಡಿನಲ್ಲಿ ಬಲತುದಿಯ ಸ್ಟಡ್ ಸುಮಾರು 2 ಮಿಲಿಮೀಟರ್ ಒಳಗಿತ್ತು. ಸ್ಟಡ್ ಬಗ್ಗಿಸಲು ಹೋಗಬೇಡಿ. ಅದು ಒಳಗಿನ ಅಚ್ಚಿನಿಂದ ಕಿತ್ತು ಬಂದರೆ ಪ್ಯಾಡೇ ಹಾಳು. ಕಾರಿನ ತಗಡಿನ ತೂತನ್ನು ಸಣ್ಣ ಅರದಿಂದ ಆ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿ, ಅಗಲದ ವಾಷರ್ ಹಾಕಿದರೆ ಸಾಕು. ನಟ್ಟು ತಿರುಗುವ ಸ್ಟಡ್ಡಿನ ಗೆರೆಗಳಲ್ಲಿ ಫೋಮ್ ಅಂಟಿಕೊಂಡಿತ್ತು, ಅದನ್ನೂ ತಂತಿ ಬ್ರಶ್ಶಿನಿಂದ ತೆಗೆಯಬೇಕಾಯಿತು. ತೆಗೆಯದೆ ಸ್ಪ್ಯಾನರ್ ಹಾಕಿದರೆ ಸ್ಟಡ್ಡೇ ಒಳಗೆ ತಿರುಗತೊಡಗುತ್ತದೆ.

ಡಬ್ಬದಲ್ಲಿ ಒತ್ತಿಕೊಂಡು ಬಂದ ಪ್ಯಾಡಿನ ಅಂಚು ಸ್ವಲ್ಪ ಮೇಲೆದ್ದಿರುತ್ತದೆ. ಅದಕ್ಕೆ ಮದ್ದು ಬಿಸಿಲು. ಕಾವು ಏರಿ ಮೆತ್ತಗಾಗುವವರೆಗೆ ಬಿಸಿಲಲ್ಲಿಟ್ಟರೆ ಅಂಚು ಕೈ ಹೇಳಿದಂತೆ ಕೇಳುತ್ತದೆ. ಮೋಡ ಇದ್ದರೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಬೇಡ, ಒಂದೇ ಕಡೆ ಒಂದು ಕ್ಷಣ ಜಾಸ್ತಿ ಹಿಡಿದರೆ ಗೆರೆ ವಿನ್ಯಾಸ ಕರಗಿ ನುಣುಪಾಗುತ್ತದೆ. ಬಿಸಿ ಇರುವಾಗಲೇ ಇಟ್ಟು, ಎಲ್ಲ ನಟ್ಟುಗಳನ್ನೂ ಬೆರಳಲ್ಲಿ ಎರಡು ಮೂರು ಸುತ್ತು ಹಿಡಿಸಿ. ಆಮೇಲೆ ನಡುವಿನಿಂದ ಎರಡೂ ತುದಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಿ. ಒಂದು ತುದಿಯಿಂದ ಬಿಗಿಯುತ್ತ ಬಂದರೆ ಇನ್ನೊಂದು ತುದಿಯಲ್ಲಿ ಸುಕ್ಕು ಗುಂಪಾಗುತ್ತದೆ. ಪ್ಯಾಡ್ ತಗಡಿಗೆ ಕೂತ ಮೇಲೆ ಕಾಲು ಸುತ್ತು, ಅಲ್ಲಿಗೆ ನಿಲ್ಲಿಸಿ.

ಗಮ್ ಬೇಕೇ ಬೇಕು ಅನ್ನುವ ಅಂಚಿದ್ದರೆ ಸಿಲಿಕೋನ್ ಆರಿಸುವಾಗ ಮೂಸಿ ನೋಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ಬಣ್ಣವಿಲ್ಲದ ತಗಡಿಗೆ ತುಕ್ಕು ತರುತ್ತದೆ. ಆ ವಾಸನೆ ಇಲ್ಲದ ನ್ಯೂಟ್ರಲ್ ಜಾತಿಯದು ಬರುತ್ತದೆ, ಅದನ್ನೇ ತನ್ನಿ.

ಈ ಕೆಲಸ ಗ್ಲಾಸ್ ಹಾಕುವ ಮುಂಚೆಯೇ ಆಗಲಿ. ಗ್ಲಾಸ್ ಇದ್ದರೂ ಕೂರಿಸಬಹುದು ಅಂತ ಮಾರುವವರು ಹೇಳುತ್ತಾರೆ. ನನ್ನ ಕಾರಿನಲ್ಲಿ ಪ್ಯಾಡಿನ ಹಿಂದಿನ ಅಂಚು ರಬ್ಬರಿನ ಅಡಿಗೆ ಹೋಗುತ್ತದೆ. ಗ್ಲಾಸ್ ಇದ್ದಿದ್ದರೆ ಹೊಸ ಹೊದಿಕೆಯನ್ನೇ ಮಡಚಿ ತುರುಕಬೇಕಾಗುತ್ತಿತ್ತು, ಮುಂದಿನ ಬಿರುಕಿಗೆ ಅಲ್ಲೇ ಜಾಗ ಮಾಡಿಕೊಟ್ಟಂತೆ.

ಈಗ ಮೂರೂ ಕಡೆ ಅಂಚು ತಗಡಿಗೆ ಅಂಟಿ ಕೂತಿದೆ. ಗ್ಲೋವ್ ಬಾಕ್ಸ್ ಮೇಲೆ ಮಾತ್ರ ಉಗುರು ತೂರುವಷ್ಟು ಸಂದು ಉಳಿದಿದೆ. ಮೂಲ ಪ್ಯಾಡಿನಲ್ಲಿ ಅದಿರಲಿಲ್ಲ. ಹಳ್ಳದ ರಸ್ತೆಯಲ್ಲೂ ಕಿರಗುಟ್ಟುವುದಿಲ್ಲ, ತಗಡಿನ ಮೇಲೆ ಅಂಟಿಸಿದ ತೆಳ್ಳನೆಯ ಫೆಲ್ಟ್ ಪಟ್ಟಿಯ ಪಾಲೂ ಅದರಲ್ಲಿದೆ. ಹೊಸದರಲ್ಲಿ ಗ್ಲಾಸಿನ ಒಳಗೆ ಮಂಜಿನಂಥ ಪೊರೆ ಕಟ್ಟುತ್ತದೆ. ಹೊಸ ವಿನೈಲಿನಿಂದ ಹೊರಬಿದ್ದದ್ದೇ ಅದು. ಒರೆಸುತ್ತ ಬಂದರೆ ಕಡಿಮೆಯಾಗುತ್ತದೆ. ಹೊಳಪಿನ ಎಣ್ಣೆ ಮಾತ್ರ ಹಚ್ಚಬೇಡಿ, ಬಿಸಿಲಲ್ಲಿ ಗ್ಲಾಸಿನ ಮೇಲೆ ಡ್ಯಾಶ್‌ನ ಪ್ರತಿಬಿಂಬ ಬಿದ್ದು ರಸ್ತೆ ಕಾಣುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ನಿಲ್ಲಿಸಿದಾಗ ಗ್ಲಾಸಿಗೆ ಬಿಸಿಲು ತಡೆಯುವ ಪರದೆ ಹಾಕಿದರೆ ಸಾಕು.

ತಯಾರಕರು ಮುಂದಿನ ಸಲ ಡಬ್ಬದಲ್ಲಿ ನಟ್ಟು, ವಾಷರ್, ಒಂದು ಚಿತ್ರದ ಹಾಳೆ ಇಡಲಿ. ಫೋಮ್ ಪೆಟ್ಟು ತಡೆಯುತ್ತದೋ ಇಲ್ಲವೋ ಪರೀಕ್ಷಿಸಿದ್ದರೆ ಅದನ್ನೂ ಡಬ್ಬದ ಮೇಲೆ ಬರೆಯಲಿ. ನನಗೆ ಬಂದದ್ದರ ಮೇಲೆ ಬಣ್ಣದ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.